ಮೆಟ್ಟಿಲು ಹತ್ತದ ಮಂಚ

ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು. ಯಾರೂ ಕೇಳದಿದ್ದರೂ ಹೇಳುತ್ತೇನೆ, ಅಷ್ಟು ಕಷ್ಟಪಟ್ಟಿದ್ದೇನೆ. ಆದರೆ ಅಪ್ಪನ ಪ್ರಕಾರ ಅದರಲ್ಲಿ ಅರ್ಧ ಪಾಲು ಹೊಲದ ಬದುವಿನ ಹಲಸಿನ ಮರದ್ದು. ಕಾಲೇಜಿನ ಫೀಜು ಕಟ್ಟುವ ಹೊತ್ತಿಗೆ ಸರಿಯಾಗಿ ಅದರ ಕಾಯಿ ಬಲಿಯುತ್ತಿತ್ತು. ಹೊಲದ ರಾಗಿ ಮನೆಯ ಊಟಕ್ಕೇ ಸರಿಹೋಗುತ್ತಿತ್ತು. ಬದುವಿನ ಹುಣಸೆ ಮಾರಿದ ದುಡ್ಡು ಎಣ್ಣೆಗೆ, ಬಟ್ಟೆಬರೆಗೆ. ಹೊಂಗೆ ಸೊಪ್ಪು ಗೊಬ್ಬರಕ್ಕೆ. ಹಲಸು ನನ್ನ ಓದಿಗೆ. ಮೇಕೆಗಳಿಗೂ ಅದರದೇ ಎಲೆ. ನಾನು ಫಸ್ಟ್ ಕ್ಲಾಸಿನಲ್ಲಿ ಪಾಸಾದಾಗ ಅಪ್ಪ ಮೊದಲು ಹೋಗಿ ಮರದ ಬುಡಕ್ಕೆ ನೀರು ಹಾಕಿ ಬಂದರು. ನನಗೆ ಶಹಬ್ಬಾಸ್ ಆಮೇಲೆ.

ಹೋದ ವರ್ಷ ನನ್ನ ಮದುವೆ ಗೊತ್ತಾಯಿತು. ಹುಡುಗ ಚಾಮರಾಜಪೇಟೆಯ ಮೇಷ್ಟ್ರು. ಸ್ವಂತ ಬದುವಿನ ಹಲಸಿನಲ್ಲಿ ಮಂಚ ಮಾಡಿಸಿ ಮಗಳನ್ನು ಕಳಿಸುವುದು ನಮ್ಮ ಮನೆಯ ಪದ್ಧತಿ. ಬಲಿತ ಹಲಸು ಉಳಿದಿದ್ದುದು ಅದೊಂದೇ. ಅಪ್ಪ ಬಡಗಿಗೆ ಹೇಳಿಯೇ ಬಂದಿದ್ದರು. ಬೇಡ, ಮುಂದಿನ ವರ್ಷ ತಂಗಿ ಕಾಲೇಜಿಗೆ ಸೇರಬೇಕು, ಮರ ಬಿದ್ದರೆ ಅವಳ ಫೀಜಿಗೆ ಏನು ಮಾಡುತ್ತೀರಿ ಎಂದು ಗೋಗರೆದೆ. ಓದಿದವಳು ಮಂಚ ಬಿಟ್ಟು ನೆಲದಲ್ಲಿ ಮಲಗುತ್ತಾಳಂತೆ ಎಂದು ಅಪ್ಪ ಊರೆಲ್ಲ ಹೇಳಿಕೊಂಡು ಬಂದರು.

ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಆರಿಸಿದ ದಿನ ನಾನೂ ಹುಡುಗನೂ ಸಂಸಾರ ಹೂಡಲಿದ್ದ ಮನೆಯನ್ನು ಅಪ್ಪ, ಅಮ್ಮ ಇಬ್ಬರಿಗೂ ತೋರಿಸಲು ಹೋದೆವು. ಹಳೇ ವಠಾರದ ಮಹಡಿ. ಇಕ್ಕಟ್ಟಿನ ಮೆಟ್ಟಿಲು, ನಡುವೆ ಒಂದು ತಿರುವು. ಅಪ್ಪ ಹೆಗಲ ಟವೆಲ್ ಬಿಡಿಸಿ ಅಡ್ಡ ಅಳೆದರು, ಉದ್ದ ಅಳೆದರು. ಕೊನೆಗೆ ತಾವೇ ಮಂಚದ ಹಾಗೆ ಸೆಟೆದು, ಓರೆಯಾಗಿ ವಾಲಿ, ತಿರುವಿನಲ್ಲಿ ಹಾಯಲು ನೋಡಿದರು. ಕೆಳಗಿನ ಮನೆಯ ಅಜ್ಜಿ ಹೊರಗೆ ಬಂದು, ಸೊಂಟ ಹಿಡಿದುಕೊಂಡಿತೇ ಎಂದು ವಿಚಾರಿಸಿದರು.

"ಬಿಚ್ಚಿ ತಂದು ಮೇಲೆ ಜೋಡಿಸಬಹುದಲ್ವಾ ಮಾವ?" ಎಂದ ಹುಡುಗನ ಕಾಲನ್ನು ನಾನು ಮೆಲ್ಲಗೆ ತುಳಿದೆ.

"ಸ್ಕ್ರೂ ಹಾಕೋ ಮಂಚ ಅಂಗಡೀಲಿ ಸಿಕ್ತದೆ, ತಗೊಳ್ಳಿ," ಎಂದು ಅಪ್ಪ ಮುಖ ಗಂಟಿಕ್ಕಿದರು. ನಮ್ಮ ಕಡೆಯ ಮಂಚಕ್ಕೆ ಬೆಣೆ ಹೊಡೆದರೆ ಮುಗಿಯಿತು, ಮತ್ತೆ ಬಿಚ್ಚುವ ಮಾತಿಲ್ಲ.

ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದ ಅಮ್ಮ ನಿಧಾನಕ್ಕೆ ಹೇಳಿದಳು: "ಮರ ಇವಳನ್ನ ಓದಿಸ್ತು. ಈಗ ಮೆಟ್ಲು ಮರಾನ ಉಳಿಸ್ತು. ಮಧ್ಯದಲ್ಲಿ ನಿಮ್ದೇನು?"

"ನೆಟ್ಟೋನು ಯಾರು ಮತ್ತೆ?" ಎಂದು ಅಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. ಅಲ್ಲಿಂದಲೇ ಬಡಗಿಗೆ ಫೋನು ಮಾಡಿ, ಒಂದು ಕೊಂಬೆ ಸಾಕು ಎಂದರು.

ಆ ಕೊಂಬೆಯ ಹಸೆಮಣೆಯ ಮೇಲೆ ಕೂತು ನಾನು ಮದುವೆಯಾದೆ. ತವರಿನ ಹಲಸೆಂದು ಈ ಮಹಡಿ ಹತ್ತಿದ್ದು ಅದೊಂದೇ ಮಣೆ.

ಈ ಜೂನ್‌ನಲ್ಲಿ ತಂಗಿ ಕಾಲೇಜು ಸೇರಿದಳು. ಫೀಜು ಕಟ್ಟಿದ ದಿನ ಅಪ್ಪ ನಮ್ಮ ಮನೆಗೂ ಒಂದು ಹಲಸಿನ ಹಣ್ಣು ಹೊತ್ತು ತಂದರು. ಮೆಟ್ಟಿಲ ತಿರುವಿನಲ್ಲಿ ಅದನ್ನು ಇಳಿಸಿ, ಇದಾದರೂ ತೂರುತ್ತದೋ ಇಲ್ಲವೋ ಎಂದು ಟವೆಲ್ ಬಿಡಿಸಿದರು.