ನೀಲವ್ವನ ಕೈಯಲ್ಲಿ ಆರಿದ ದೀಪ

ಮೊನ್ನೆ ಸಂಜೆ ಶಿಗ್ಗಾಂವದ ಬೀಗರ ಮನೆಯಲ್ಲಿ ನಮ್ಮ ನೀಲವ್ವನ ಕೈಯಲ್ಲಿದ್ದ ದೀಪ ಮತ್ತೆ ಆರಿತು. ಈ ಸಲ ನಾನೇ ಕಣ್ಣಾರೆ ಕಂಡೆ.

ದೇವರ ಜಗಲಿಯ ಮೇಲೆ ಹಚ್ಚಿದಾಗ ಚೆನ್ನಾಗಿಯೇ ಉರಿಯುತ್ತಿತ್ತು. ಅದನ್ನು ಹೊಸ್ತಿಲಿಗೆ ತಂದಿಡುವುದು ಆ ಮನೆಯಲ್ಲಿ ಹೊಸ ಸೊಸೆಯ ಕೆಲಸ. ಪಡಸಾಲೆ ದಾಟುವಷ್ಟರಲ್ಲಿ ಚಿಟಚಿಟ ಸಿಡಿದು... ಕತ್ತಲೆ.

"ನೋಡಿದ್ರಿಲ್ರಿ ಬೀಗರ? ಇಕಿ ಕಾಲ್ಗುಣಾನ ಹಂಗೈತಿ. ಇಕಿ ಬಂದಮ್ಯಾಗ ನಮ್ಮನಿಯವ್ರು ಹಾಸಿಗಿ ಬಿಟ್ಟು ಎದ್ದಿಲ್ಲ" ಎಂದಳು ಅವಳ ಅತ್ತೆ.

ಮಾವನ ಚಳಿಜ್ವರಕ್ಕೂ ಈ ಹುಡುಗಿಯೇ ಕಾರಣವಂತೆ! ಅವಳ ಗಂಟು ಕಟ್ಟಿಸಿ ಬಾಗಿಲ ಬಳಿ ಇಟ್ಟಾಗಿತ್ತು. ನನ್ನನ್ನು ಕರೆಸಿದ್ದೇ, ತಮ್ಮನ ಮಗಳನ್ನು ತವರಿಗೆ ಒಯ್ಯಲಿ ಎಂದು.

ನನ್ನ ಮೈಯೆಲ್ಲ ಉರಿಯಿತು. ಆದರೂ ಮೊದಲು ಆ ದೀಪವನ್ನು ಎತ್ತಿ ನೋಡಿದೆ.

ಯುದ್ಧ ಶುರುವಾದಾಗಿನಿಂದ ಎಣ್ಣೆಯ ತ್ರಾಸು ನಿಮಗೂ ಗೊತ್ತಲ್ಲ. ಅದಕ್ಕೇ ಗಾಜಿನ ಗ್ಲಾಸಿನ ತುಂಬ ನೀರು, ಮೇಲೆ ತೆಳ್ಳಗೆ ಕುಸುಬಿ ಎಣ್ಣೆ, ಜೋಳದ ದಂಟಿನ ಬೆಂಡಿಗೆ ಸಿಕ್ಕಿಸಿದ ತೇಲುಬತ್ತಿ. ನೀರು ಹಾಕಿದವಳು ಅತ್ತೆಯೇ. ಅದೇನು ತಪ್ಪಲ್ಲ, ನಾವೂ ಹಾಗೇ ಮಾಡುತ್ತೇವೆ.

ಆದರೆ ಅದನ್ನು ಹಿಡಿದು ನಡೆದು ನೋಡಿರಿ. ಎಣ್ಣೆಯ ಮೇಲ್ಭಾಗ ಸುಮ್ಮನಿರುತ್ತದೆ. ಅದರ ಕೆಳಗೆ, ಎಣ್ಣೆ ನೀರು ಕೂಡುವ ಜಾಗದಲ್ಲಿ ಅಲೆ ಏಳುತ್ತದೆ!

ನೀರು ಭಾರ, ಎಣ್ಣೆ ಹಗುರ, ಆದರೆ ಅಂತರ ಸ್ವಲ್ಪವೇ. ಮೇಲೆದ್ದ ನೀರನ್ನು ಮತ್ತೆ ಕೆಳಗೆ ಎಳೆಯುವ ಜೋರು ಅಲ್ಲಿ ಕಡಿಮೆ. ನಡಿಗೆಯ ಸಣ್ಣ ಅಲುಗಾಟಕ್ಕೇ ಅಲೆ ನಿಧಾನವಾಗಿ, ಎತ್ತರವಾಗಿ ಎದ್ದು ಬತ್ತಿಯ ಬುಡ ಮುಟ್ಟುತ್ತದೆ. ಒದ್ದೆ ಬತ್ತಿ ಹೇಗೆ ಉರಿದೀತು?

ಇಷ್ಟನ್ನೂ ಹೇಳಿದೆ. ಬರೀ ಹೇಳಲಿಲ್ಲ, ನೀರಿಗೆ ಕುಂಕುಮ ಕದಡಿ ತೋರಿಸಿದೆ. ಎಣ್ಣೆಯ ಕೆಳಗೆ ಕೆಂಪು ಅಲೆ ಹೊರಳಾಡುವುದು ಎಲ್ಲರಿಗೂ ಕಂಡಿತು.

ಆಮೇಲೆ ಒಣ ಬತ್ತಿ ಹಾಕಿ, ಹಚ್ಚಿಕೊಂಡು ನಾನೇ ನಡೆದೆ. ಪಡಸಾಲೆಯ ನಡುವೆ ನನ್ನ ಕೈಯಲ್ಲೂ ಆರಿತು.

"ನಾ ಏನ್ ನಿಮ್ಮ ಹೊಸ ಸೊಸಿ ಏನ್ರಿ?" ಎಂದೆ.

ಬೀಗಿತಿ ಗಲ್ಲಕ್ಕೆ ಕೈ ಹಚ್ಚಿದಳು. "ಅಯ್ಯ ಶಿವನ! ಹಂಗಾರ ಇದು ನಿಮ್ಮ ಮನಿತನದ್ದ ದೋಷ ಬಿಡ್ರಿ!"

ಈಗ ಈ ಕಾಗದ ಬರೆಯುವಾಗಲೂ ಕೇಳುತ್ತೇನೆ... ಕಂಡದ್ದನ್ನು ಕಂಡಂತೆ ಒಪ್ಪಲು ಇವರಿಗೇನು ಗಂಟು ಹೋಗುತ್ತಿತ್ತು? ಅಳಿಯನೆಂಬ ಗಂಡಸು ಕಂಬಕ್ಕೆ ಒರಗಿ ಉಗುರು ನೋಡಿಕೊಳ್ಳುತ್ತ ನಿಂತಿದ್ದ.

ನನ್ನ ಮುಖ ನೋಡಿ ಬೀಗಿತಿ ತುಸು ಇಳಿದಳು. "ಹೋಗ್ಲಿ ಬಿಡ್ರಿ, ಇರೋದಿದ್ರ ಇರ್ಲಿ. ದೀಪ ಮಾತ್ರ ಮುಟ್ಟೋದು ಬ್ಯಾಡ."

ಅಲ್ಲಿತನಕ ತಲೆ ಎತ್ತದ ನೀಲವ್ವ ಆಗ ಬಾಯಿಬಿಟ್ಟಳು. "ದೀಪ ಮುಟ್ಟಬಾರ್ದ ಕೈಲೆ ನಿಮಗ ರೊಟ್ಟಿ ಬಡದು ಹಾಕ್ಲೇನ್ರಿ ಅತ್ತಿ? ನಡೀರಿ ದೊಡ್ಡಪ್ಪ, ಹೋಗೂಣು."

ಗಂಟನ್ನು ಅವಳೇ ಎತ್ತಿಕೊಂಡಳು.

ಈಗ ದುಂಡಸಿಯಲ್ಲಿ ನಮ್ಮ ಜೊತೆಗಿದ್ದಾಳೆ. ಸುದ್ದಿ ತಿಳಿದದ್ದೇ ತಡ, ನಮ್ಮ ಬಳಗದವರೇ ಆದ ನಿಮ್ಮಲ್ಲಿ ಕೆಲವರು "ತಿಳಿಸಿ ಹೇಳಿ ಗಂಡನ ಮನೆಗೆ ಕಳಿಸಿಬಿಡು" ಎಂದು ನನಗೆ ಬುದ್ಧಿ ಹೇಳಿದ್ದೀರಿ.

ತಿಳಿಸಿ ಹೇಳಬೇಕಾದದ್ದು ಯಾರಿಗೆ... ಇವಳಿಗೋ, ಅವರಿಗೋ?