ಖೋಲಿಯ ದನಿ

ಹುಮನಾಬಾದಿನಲ್ಲಿ ಒಬ್ಬರು ಸಣ್ಣದೊಂದು ರೆಕಾರ್ಡಿಂಗ್ ಕಂಪನಿ ನಡೆಸುತ್ತಿದ್ದರು. ಅವರು ಹೊರತಂದ ವಚನ, ಭಜನೆಗಳನ್ನು ಕೇಳಿದರೆ ಹಾಡುವವರು ಎದುರಿಗೇ ಕೂತಂತೆ ಅನಿಸುತ್ತಿತ್ತು. ಯಂತ್ರದಿಂದ ಪ್ರತಿಧ್ವನಿ ಸೇರಿಸಿ ದನಿ ಗುಂಯ್ ಅನ್ನಿಸಿ ಎಂದು ಕೇಳಿದವರ ಕೆಲಸವನ್ನು ಅವರು ಒಪ್ಪಿಕೊಳ್ಳುತ್ತಿರಲಿಲ್ಲ.

ಅವ್ವನ ಹಾಡು ರೆಕಾರ್ಡ್ ಮಾಡಲು ಬಸವಕಲ್ಯಾಣದ ನಮ್ಮ ಮನೆಗೇ ಬಂದರು. ತಲೆ ಓರೆ ಮಾಡಿ ಕೋಣೆಯ ಬರಿಯ ಗೋಡೆಗೆ ಕಿವಿಗೊಟ್ಟರು. ಫ್ಯಾನ್ ನಿಲ್ಲಿಸಿ, ಗಡಿಯಾರ ಇಳಿಸಿ ಕೌದಿಯಲ್ಲಿ ಸುತ್ತಿಟ್ಟರು. ಹಾಡು ಮುಗಿದ ಮೇಲೆ, "ಈಗ ಒಂದು ನಿಮಿಷ ಯಾರೂ ಮಾತಾಡಬ್ಯಾಡ್ರಿ. ಖೋಲಿಗೂ ಒಂದು ದನಿ ಇರ್ತದ್ರಿ" ಎಂದರು. ಎಲ್ಲಿ ಹೋದರೂ ಅವರು ಹೇಳುತ್ತಿದ್ದ ಮಾತು ಅದು. ಹಾಡಿನ ನಡುವಿನ ಕೆಮ್ಮನ್ನು ಕತ್ತರಿಸಿದ ಜಾಗಕ್ಕೆ ಅದೇ ಖೋಲಿಯ ಮೌನವನ್ನು ತುಂಬುತ್ತಿದ್ದರು.

ಮನೆಗೆ ಬಂದವರು ಸುಮ್ಮನೆ ಕೂತಿರುವುದನ್ನು ನೋಡಿ ಅವ್ವನಿಗೆ ತಡೆಯಲಾಗಲಿಲ್ಲ. ನನ್ನ ಕಡೆ ಬಾಗಿ, "ಚಹಾ ಇಡ್ಲೇನು?" ಎಂದು ಪಿಸುಗುಟ್ಟಿದಳು. ನಾನು ಬಾಯಿಯ ಮೇಲೆ ಬೆರಳಿಟ್ಟು ಕಣ್ಣು ಬಿಟ್ಟೆ. ಅವರು ನಕ್ಕು, ಇನ್ನೊಂದು ನಿಮಿಷದ ಮೌನ ರೆಕಾರ್ಡ್ ಮಾಡಿಕೊಂಡರು.

ಅವ್ವ ತೀರಿಕೊಂಡ ಮರುವಾರ ಅವರು ಮನೆಗೆ ಬಂದು ನನ್ನ ಕೈಗೆ ಒಂದು ಪೆನ್‌ಡ್ರೈವ್ ಇಟ್ಟರು. "ಇದು ಕೆಟ್ಟ ರೆಕಾರ್ಡಿಂಗ್ ಅದರಿ. ಖರೆ ಅಳಸಾಕ ಮನಸ್ಸಾಗಲಿಲ್ಲ" ಎಂದರು. ಅವರು ಬೇರೆ ಯಾವ ಕೆಟ್ಟ ರೆಕಾರ್ಡಿಂಗನ್ನೂ ಉಳಿಸಿಕೊಂಡವರಲ್ಲ.

ಅವ್ವನ ಹಾಡು ಈಗ ಓಣಿಯವರೆಲ್ಲರ ಫೋನಿನಲ್ಲಿದೆ. ನಾನು ಮಾತ್ರ ಆ ಕೆಟ್ಟ ನಿಮಿಷವನ್ನು ಕೇಳುತ್ತೇನೆ. ಅವಳು "ಚಹಾ ಇಡ್ಲೇನು?" ಎಂದಾಗ ಈಗ ಬೆರಳು ಬಾಯಿಗೆ ಹೋಗುವುದಿಲ್ಲ. "ಇಡವ್ವಾ" ಅನ್ನುತ್ತೇನೆ.