ಮೊಮ್ಮಗಳ ಗಿಣ್ಣು

ನನ್ನ ಮಗಳಿಗೆ ಮಗಳು ಹುಟ್ಟಿದಳು. ಯಾರು ಸಿಕ್ಕರೂ ಇದನ್ನೇ ಹೇಳುತ್ತಿದ್ದೆ. ಯಲಹಂಕದ ಆ ಆಸ್ಪತ್ರೆಯ ಲಿಫ್ಟಿನಲ್ಲಿ ಗುರುತು ಪರಿಚಯ ಇಲ್ಲದವರನ್ನೂ ಬಿಡಲಿಲ್ಲ.

ಹೆರಿಗೆ ಆಪರೇಷನ್ ಮಾಡಿಯೇ ಆಯಿತು. ಮಗುವೇನೋ ಕೆಂಪಗೆ ಮುದ್ದಾಗಿತ್ತು, ಆದರೆ ಮಾರನೇ ದಿನವೂ ಮಗಳಿಗೆ ಹಾಲು ಇಳಿಯಲಿಲ್ಲ. ಮಗು ಬಾಯಿ ಹಾಕುವುದು, ಬಿಡುವುದು, ಅಳುವುದು. ಮಗಳು ಗೋಡೆಯ ಕಡೆ ತಿರುಗಿಕೊಂಡು, "ನನ್ನಲ್ಲೇ ಏನೋ ಕೊರತೆ ಇದೆ ಕಣಪ್ಪ" ಎಂದಳು. ಗಂಡಸು ನಾನು, ಏನು ಮಾಡಲಿ? ಪರದೆಯ ಆಚೆ ಹೋಗಿ ನಿಂತೆ.

ಸ್ವಲ್ಪ ಹೊತ್ತಿಗೆ ನನ್ನ ಹೆಂಡತಿ ಪರದೆ ಸರಿಸಿ ತಲೆ ಹಾಕಿದಳು. "ಬರೀ ಹಳದಿ ಅಂಟು ಬತ್ತೈತೆ ಕಣ್ರೀ. ಹಿಂಡಿ ಬಟ್ಟೆಗೆ ಒರಸ್ದೆ. ಇಂಗೇ ಆದ್ರೆ ಮಗೀನ ಗಂಟ್ಲು ಒಣಗೋಗ್ತದೆ. ಓಗಿ ಹಾಲಿನ ಪುಡಿ ಡಬ್ಬ ತನ್ನಿ."

ಅಷ್ಟರಲ್ಲಿ ಜ್ವರ ನೋಡಲು ಬಂದ ನರ್ಸಮ್ಮ ಆ ಬಟ್ಟೆಯನ್ನು ಕಂಡು, "ಅಜ್ಜಿ, ಇದನ್ಯಾಕೆ ಚೆಲ್ಲಿದ್ರಿ?" ಎಂದಳು.

"ಅದು ಕೆಟ್ಟ ಹಾಲು ಕಣಮ್ಮ. ನಮ್ಮತ್ತೇನೂ ಚೆಲ್ಲುಸ್ತಿದ್ರು."

"ಅಯ್ಯೋ, ಅದೇ ಒಳ್ಳೇ ಹಾಲು. ಬಸಿರಲ್ಲೇ ಮೈ ಅದನ್ನ ಮಾಡಿ ಇಟ್ಕೊಂಡಿರುತ್ತೆ. ಹೆರಿಗೆಯಾಗಿ ಮಾಸು ಬಿದ್ದ ಮೇಲೆ, ಇನ್ನು ಹಾಲು ಬೇಕು ಅಂತ ಮೈಗೆ ಗೊತ್ತಾಗುತ್ತೆ. ಎದೆ ತುಂಬ್ಕೊಳ್ಳೋಕೆ ಎರಡು ಮೂರು ದಿನ ಹಿಡಿಯುತ್ತೆ, ಆಪರೇಷನ್ ಆದೋರಿಗೆ ಇನ್ನೊಂಚೂರು ತಡ. ಮಗು ಚೀಪಿದಷ್ಟೂ ಬೇಗ. ಅಲ್ಲೀವರೆಗೂ ಅದೇ ಸಾಕು, ಅದರ ಹೊಟ್ಟೆ ಎಷ್ಟಿರುತ್ತೆ ಹೇಳಿ?"

ನನಗೆ ತಲೆಯಲ್ಲಿ ಏನೋ ಹೊಳೆಯಿತು. ಜಕ್ಕೂರಿನ ನಮ್ಮ ಮನೆಯಲ್ಲಿ ಮೊನ್ನೆಮೊನ್ನೆಯವರೆಗೂ ಹಸು ಇತ್ತು. ಮೇಯುವ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದ ಮೇಲೆ ಮಾರಿದೆವು. ಅದು ಕರು ಹಾಕಿದಾಗಲೆಲ್ಲ ಮೊದಲ ಹಾಲು ಹೀಗೇ, ಹಳದಿಯಾಗಿ, ಗಟ್ಟಿಯಾಗಿ ಇರುತ್ತಿತ್ತು. ಕರುವಿಗೆ ಸಾಕಾಗಿ ಉಳಿದದ್ದಕ್ಕೆ ಈ ನನ್ನ ಹೆಂಡತಿಯೇ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ ಗಿಣ್ಣು ಮಾಡುತ್ತಿದ್ದಳು.

"ಲೇ, ಅದು ಗಿಣ್ಣು ಹಾಲು ಕಣೇ," ಎಂದೆ. "ಹಸಿನ ಗಿಣ್ಣ ಬೀದಿಗೆಲ್ಲಾ ಹಂಚ್ದೋಳು, ಮೊಮ್ಮಗಳ ಗಿಣ್ಣ ಬಟ್ಟೆಗೆ ಒರಸ್ತೀಯಲ್ಲ."

ಅವಳು ಆ ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟಳು. ಆಮೇಲೆ, "ಹೆತ್ತ ಮಗಳ್ನ ಹಸ ಅಂತೀರಲ್ರೀ, ನಾಚ್ಕೆ ಆಗಲ್ವಾ?" ಎಂದಳು.

ಒಳಗಿನಿಂದ ಮಗಳು, "ನಗಿಸ್ಬೇಡಪ್ಪ, ಹೊಲಿಗೆ ಎಳೆಯುತ್ತೆ" ಎಂದಳು. ಹೆರಿಗೆಯಾದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಪುಡಿ ಡಬ್ಬ ಬೇಕಾದರೆ ಡಾಕ್ಟರೇ ಹೇಳುತ್ತಾರೆ ಎಂದ ನರ್ಸಮ್ಮ, ಮಗುವಿನ ಅಂಗಿ ಬಿಚ್ಚಿ ತಾಯಿಯ ಬರಿ ಎದೆಯ ಮೇಲೆ ಮಲಗಿಸಿದಳಂತೆ. ಚೀಪಿದ ಮೇಲೂ ತೊಟ್ಟು ಉಳಿದರೆ ಹೆಂಡತಿ ಈಗ ಚಮಚದಲ್ಲಿ ಹಿಡಿದು ಮಗುವಿನ ಬಾಯಿಗೇ ಬಿಡುತ್ತಿದ್ದಳು.

ಅದಾದ ಎರಡನೇ ದಿನ ಮಧ್ಯಾಹ್ನ ಮಗುವನ್ನು ಎತ್ತಿಕೊಂಡು ವರಾಂಡದಲ್ಲಿ ಓಡಾಡುತ್ತಿದ್ದೆ. ಕಿಟಕಿಯಾಚೆ ಪುಟ್ಟ ವಿಮಾನವೊಂದು ಹಾರುತ್ತಿತ್ತು, ಮಗುವಿಗೆ ಕಣ್ಣು ಕಾಣುತ್ತದೋ ಇಲ್ಲವೋ, ತೋರಿಸುತ್ತಿದ್ದೆ. ಮಗು ಅಳಲು ಶುರು ಮಾಡಿತು. ಅದೇ ಗಳಿಗೆಗೆ ಕೋಣೆಯಿಂದ ಮಗಳ ಕೂಗು: "ಅಪ್ಪ, ಅವಳನ್ನ ಬೇಗ ತಗೊಂಡ್ ಬಾ." ಹೆಂಡತಿ ಓಡಿ ಬಂದು ಕೈ ಚಾಚಿದಳು.

"ಇವ್ಳು ಇಲ್ಲಿ ಅತ್ರೆ ಅಲ್ಲಿ ಅವ್ಳ ರವಿಕೆ ನೆಂದೋಯ್ತು. ಕೊಡ್ರೀ ಇಲ್ಲಿ."

ಕೊಟ್ಟಿಗೆಯ ಆ ಮೂಲೆಯಲ್ಲಿ ಕರು ಕೂಗಿದರೆ ಈ ಮೂಲೆಯಲ್ಲಿ ಹಸುವಿನ ಕೆಚ್ಚಲು ತೊಟ್ಟಿಕ್ಕುತ್ತಿದ್ದದ್ದು ನೆನಪಾಯಿತು. ಬಾಯಿ ಬಿಡಲಿಲ್ಲ, ಬೈಸಿಕೊಳ್ಳುವವರು ಯಾರು. ಪರದೆಯ ಈಚೆ ನಿಂತು ಕಿವಿ ಕೊಟ್ಟೆ. ಅಳು ನಿಂತಿತು. ಆಮೇಲೆ ಗುಟುಕು ನುಂಗುವ ಸದ್ದು, ಒಂದಾದ ಮೇಲೊಂದು.

ಹೆಂಡತಿ ಪರದೆ ಸರಿಸಿ ಹೊರಗೆ ಬಂದಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಮಗಳಿಗೆ ಕೇಳಿಸದ ಹಾಗೆ ನನ್ನ ಹತ್ತಿರ ಬಗ್ಗಿದಳು.

"ಹಸನೇ ಕಣ್ರೀ," ಎಂದಳು.